ನೆರೈದಾ ಕೈಯಾರೆ ಆರಿಸಿದ ಸಿಗಾರ್

ಸಾಂತಾ ಕ್ರೂಸ್, ತೆನೆರಿಫೆ
11 ಫೆಬ್ರವರಿ 1997

ಪ್ರೀತಿಯ ಅಕ್ಕ ನೆರೈದಾಗೆ,

ಈ ಲಕೋಟೆಯನ್ನು ನೀನು ಎರಡು ದಿನ ಒಡೆಯದೆ ಮೇಜಿನ ಮೇಲೆ ಬಿಸಾಕಿರುತ್ತೀಯ ಎಂದು ನನಗೆ ಗೊತ್ತು. ನಾಲ್ಕು ವರ್ಷ ಒಂದು ಸಾಲೂ ಬರೆಯದ ತಮ್ಮನಿಗೆ ಅಷ್ಟಾದರೂ ಆಗಬೇಕು. ಬೈಯುವುದನ್ನೆಲ್ಲ ಬೈದುಕೊಂಡು ಆಮೇಲೆ ಓದು.

ಅಜ್ಜ ಹುಟ್ಟಿದ ದ್ವೀಪ, ಹೋದವನನ್ನು ಕೈಹಿಡಿದು ಒಳಗೆ ಕರೆದುಕೊಳ್ಳುತ್ತದೆ ಎಂದುಕೊಂಡು ಹವಾನಾ ಬಿಟ್ಟು ಬಂದೆ. ಎರಡು ವರ್ಷ ಬಾಳೆತೋಟದಲ್ಲಿ ಗೊನೆ ಹೊತ್ತು ಹೆಗಲು ಸವೆಯಿತು. ಈಗ ಸಮುದ್ರಕ್ಕೆ ಮುಖಮಾಡಿದ ಒಂದು ಹೋಟೆಲಿನ ಬಾರಿನಲ್ಲಿದ್ದೇನೆ. ಯಜಮಾನ ದೊನ್ ಅನ್ಸೆಲ್ಮೊ ಬಾರಿನ ಪಕ್ಕದಲ್ಲೇ ಸಿಗಾರ್ ಸೇದುವ ಕೋಣೆಯೊಂದನ್ನು ತೆರೆಯುತ್ತಿದ್ದಾನೆ. ಇಲ್ಲಿ ಎಲ್ಲರಿಗೂ ಈಗ ಅದೇ ಹುಚ್ಚು. ನೆಟ್ಟಗೆ ಕಡ್ಡಿ ಗೀರಲು ಬಾರದವರೂ ಕ್ಯೂಬಾದ್ದೇ ಬೇಕು ಎನ್ನುತ್ತಾರೆ. ನನ್ನಕ್ಕ ಹವಾನಾದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಸಿಗಾರ್ ಸುತ್ತುತ್ತಿದ್ದಾಳೆ ಎಂದು ಮಾತಿಗೆ ಹೇಳಿದೆ. ಕೋಣೆಯ ಉಸ್ತುವಾರಿ ನನ್ನ ತಲೆಗೆ ಬಂತು.

ನನಗೇನು ಗೊತ್ತು? ಕೊಳ್ಳುವಾಗ ಏನು ನೋಡಬೇಕು, ತಂದ ಮೇಲೆ ಎಲ್ಲಿಡಬೇಕು, ಏನೂ ತಿಳಿಯದವನಿಗೆ ಹೇಳುವಂತೆ ಹೇಳಿಕೊಡು. ಇಲ್ಲಿಗೆ ಬಂದಿಳಿದ ಜರ್ಮನ್ ಡಾಕ್ಟರೊಬ್ಬ ತನ್ನ ಸಿಗಾರ್ ಪೆಟ್ಟಿಗೆಯನ್ನು ನಮ್ಮ ಅಡುಗೆಮನೆಯ ಫ್ರಿಜ್ಜಿನಲ್ಲಿ ಮೀನಿನ ಪಕ್ಕ ಇಡಿಸಿದ್ದಾನೆ. ಅದು ಸರಿಯೋ ತಪ್ಪೋ ಎಂಬುದೂ ನನಗೆ ತಿಳಿಯದು.

ರಜೆಗೆ ಹವಾನಾಕ್ಕೆ ಬರುತ್ತಿರುವ ಪರಿಚಯದ ನರ್ಸ್ ಒಬ್ಬಳು ಈ ಪತ್ರ ತರುತ್ತಾಳೆ, ಅವಳ ಕೈಯಲ್ಲಿ ಆರು ಸೋಪು, ನಿನ್ನ ಮಣಿಕಟ್ಟಿನ ನೋವಿಗೆ ಮುಲಾಮು ಕಳಿಸಿದ್ದೇನೆ.

ನಿನ್ನ ತಮ್ಮ,
ಎಲಾದಿಯೊ


ಹವಾನಾ
23 ಮಾರ್ಚ್ 1997

ಎಲಾದಿಯೊ,

ಸೋಪು ಬಂತು. ಪತ್ರವೂ ಬಂತು. ಸೋಪು ಉಪಯೋಗಕ್ಕೆ ಬರುತ್ತದೆ.

ಲಕೋಟೆ ಐದು ದಿನ ಬಿದ್ದಿತ್ತು. ಕೊನೆಗೆ ಮಿಗ್ದಾಲಿಯಾ ಒಡೆದು ಓದಿದಳು. ಅವಳನ್ನು ಮರೆತಿರಲಾರೆ. ಕಾರ್ಖಾನೆಯಲ್ಲಿ ಸಿಗಾರುಗಳಿಗೆ ಕಾಗದದ ಉಂಗುರ ತೊಡಿಸುವ ಕೋಣೆಯವಳು. ಅಮ್ಮ ಸತ್ತ ವರ್ಷ ದಿನಾ ನಿನಗೆ ಊಟ ತಂದುಕೊಟ್ಟವಳು. ಆಗ ನಿನಗೆ ಏಳು ವರ್ಷ. ನಾನು ಬಡಿಸಿದ ತಟ್ಟೆಯನ್ನು ನೀನು ಮುಟ್ಟುತ್ತಿರಲಿಲ್ಲ. "ನಿನ್ನ ಕೈ ನಾರುತ್ತೆ" ಅನ್ನುತ್ತಿದ್ದೆ. ನಿಂಬೆಹಣ್ಣು, ಬೂದಿ, ಕೊನೆಗೆ ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೊಗೆಸೊಪ್ಪಿನ ವಾಸನೆ ಬೆರಳು ಬಿಡುತ್ತಿರಲಿಲ್ಲ. ಈಗ ಆ ಕೈಯೇ ನಿನಗೆ ಪಾಠ ಹೇಳಬೇಕಂತೆ. ಹೇಳುತ್ತೇನೆ. ಮೀನಿನ ಪಕ್ಕ ಸಿಗಾರ್ ಇಟ್ಟಿದ್ದಾರೆ ಎಂದು ಬರೆದಿದ್ದೀಯಲ್ಲ, ಅದಕ್ಕಾಗಿ ಮಾತ್ರ.

ಕೊಳ್ಳುವ ವಿಷಯ ಮೊದಲು. ಸರಕಾರದ ಪರವಾನಗಿ ಇರುವ ಅಂಗಡಿ ಬಿಟ್ಟು ಬೇರೆಲ್ಲೂ ಕೊಳ್ಳಬೇಡ. ಇಲ್ಲಿ ಬೀದಿಯಲ್ಲಿ ಪ್ರವಾಸಿಗಳ ತೋಳು ಹಿಡಿದು "ನಮ್ಮತ್ತಿಗೆ ಕಾರ್ಖಾನೇಲೇ ಇದಾಳೆ, ಸ್ವಾಮಿ" ಎನ್ನುವವರಿದ್ದಾರೆ. ಅವರ ಅತ್ತಿಗೆಯರೆಲ್ಲ ನಿಜವಾಗಿ ನಮ್ಮಲ್ಲಿ ಕೆಲಸಕ್ಕಿದ್ದರೆ ನಾವು ಕೂರಲು ಬೆಂಚೇ ಇರುತ್ತಿರಲಿಲ್ಲ. ನಮ್ಮ ಕಟ್ಟಡದ ಮೂರನೇ ಮಹಡಿಯ ವಿಲ್ಫ್ರೆದೊ ಅಂಥ ನಕಲಿ ಸರಕು ಮಾಡುತ್ತಾನೆ. ಕಳೆದ ತಿಂಗಳು ನಲ್ಲಿ ಸೋರುತ್ತಿದೆ ಎಂದು ಹೇಳಲು ಹೋದವಳು ಕಣ್ಣಾರೆ ಕಂಡೆ. ಸ್ನಾನದ ತೊಟ್ಟಿಯ ತುಂಬ ಒಣ ಬಾಳೆಲೆ, ಎಲ್ಲೆಲ್ಲೋ ಗುಡಿಸಿ ತಂದ ಹೊಗೆಸೊಪ್ಪಿನ ಪುಡಿ, ಬಣ್ಣ ಬರಲೆಂದು ಸುರಿದ ಕಾಫಿ ಚರಟ. ತೊಟ್ಟಿಯ ಅಂಚಿನಲ್ಲಿ ಬೆಕ್ಕು ಮಲಗಿತ್ತು. ಅವನ ಹೆಂಡತಿ ಎಲೆಯ ತುದಿಯನ್ನು ನಾಲಿಗೆಯಿಂದ ನೆಕ್ಕಿ ಅಂಟಿಸುತ್ತಿದ್ದಳು. ಅದನ್ನು ಯಾರೋ ದೂರದ ದೇಶದಲ್ಲಿ, ಮಗಳ ಮದುವೆಯ ದಿನ, ಬಾಯಿಗಿಟ್ಟುಕೊಳ್ಳುತ್ತಾನೆ. 

ಗಾಜಿನ ಮುಚ್ಚಳದ ಪೆಟ್ಟಿಗೆ ಕಂಡರೆ ನಿಲ್ಲದೆ ನಡೆದುಬಿಡು. ನಾವು ಅಂಥದ್ದನ್ನು ಮಾಡಿಯೇ ಇಲ್ಲ. ಪೆಟ್ಟಿಗೆ ತೆರೆದಾಗ ಎಲ್ಲ ಸಿಗಾರುಗಳೂ ಒಬ್ಬಳೇ ತಾಯಿಯ ಮಕ್ಕಳಂತಿರಬೇಕು. ಎಡಗಡೆಯದು ಕೂದಲೆಳೆಯಷ್ಟು ಕಪ್ಪು, ಬಲಕ್ಕೆ ಹೋದಂತೆ ತಿಳಿ. ಹಾಗೆ ಜೋಡಿಸಲೆಂದೇ ನಮ್ಮಲ್ಲಿ ಕಣ್ಣು ಪಳಗಿದ ಹೆಂಗಸರಿದ್ದಾರೆ. ಉಂಗುರಗಳು ಒಂದೇ ಎತ್ತರದಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿರಬೇಕು. ಒಂದನ್ನು ತೆಗೆದು ಎರಡು ಬೆರಳಲ್ಲಿ ಮೆಲ್ಲಗೆ ಒತ್ತು. ತಗ್ಗಿ ಮತ್ತೆ ಎದ್ದುಕೊಳ್ಳಬೇಕು. ಗಂಟು ಸಿಗಬಾರದು. ಸಿನಿಮಾದವರಂತೆ ಕಿವಿಯ ಹತ್ತಿರ ಹಿಡಿದು ಹಿಂಡಬೇಡ, ಎಲೆಗೆ ನೋವಾಗುತ್ತದೆ, ಕಿವಿಗೇನೂ ತಿಳಿಯುವುದಿಲ್ಲ. ಬೆಂಕಿ ಹಚ್ಚುವ ತುದಿಯನ್ನು ಬೆಳಕಿಗೆ ಹಿಡಿದು ನೋಡು. ಒಳಗಿನ ಹೂರಣ ಉದ್ದುದ್ದ ಎಲೆಗಳನ್ನು ನೆರಿಗೆ ಹಿಡಿದು ಇಟ್ಟಂತಿರಬೇಕು. ಚೂರುಪಾರು ಉದುರಿದರೆ ಅದು ಕಸ.

ಹೊಸಬನಾದವನು ಪೆಟ್ಟಿಗೆಗಟ್ಟಲೆ ಕೊಳ್ಳಬಾರದು. ಎರಡು ತೆಗೆದುಕೊ. ತೆಳ್ಳಗಿನದು, ಸೌಮ್ಯವಾದದ್ದು. ಊಟವಾದ ಮೇಲೆ ಸೇದು. ಖಾಲಿ ಹೊಟ್ಟೆಯಲ್ಲಿ ಸೇದಿ ಕಕ್ಕಿದರೆ ನನ್ನ ಮೇಲೆ ಹಾಕಬೇಡ.

ಇಡುವುದರ ಬಗ್ಗೆ ಇನ್ನೊಮ್ಮೆ. ಮಣಿಕಟ್ಟು ನೋಯುತ್ತಿದೆ.

ನಿನ್ನ ಅಕ್ಕ,
ನೆರೈದಾ


ಸಾಂತಾ ಕ್ರೂಸ್
4 ಮೇ 1997

ಪ್ರೀತಿಯ ಅಕ್ಕ,

ನಿನ್ನ ಬೈಗುಳ ಓದಿ ಎಷ್ಟೋ ವರ್ಷದ ಮೇಲೆ ನಕ್ಕೆ. ಪತ್ರವನ್ನು ದೊನ್ ಅನ್ಸೆಲ್ಮೊಗೂ ಓದಿ ಹೇಳಿದೆ. ಅವನು ಎರಡು ಸಲ ಓದಿಸಿದ. "ನಿಮ್ಮಕ್ಕ ಚಿನ್ನ ಕಣಯ್ಯಾ" ಅಂದ.

ಬಾಳೆಲೆಯ ಸಂಗತಿ ಓದಿ ನಾನೂ ಛೀ ಅಂದೆ. ಅಂಥ ಸರಕು ನಮ್ಮ ಕೋಣೆಗೆ ನುಗ್ಗದಂತೆ ಕಾಯಬೇಕಲ್ಲ, ಅದಕ್ಕೇ ಇನ್ನಷ್ಟು ಕೇಳುತ್ತೇನೆ. ಪೆಟ್ಟಿಗೆಯ ತಳದಲ್ಲಿ ಸುಟ್ಟು ಒತ್ತಿದ ಅಕ್ಷರ ಎಷ್ಟು ಆಳ ಇರುತ್ತದೆ? ಕಾರ್ಖಾನೆಯ ಗುರುತು, ತಿಂಗಳು, ಇವನ್ನು ಯಾವ ಬಣ್ಣದ ಶಾಯಿಯಲ್ಲಿ ಒತ್ತುತ್ತಾರೆ? ಸರಕಾರದ ಹಸಿರು ಖಾತರಿ ಚೀಟಿಯನ್ನು ಅಂಚಿನಿಂದ ಎಷ್ಟು ಬಿಟ್ಟು ಅಂಟಿಸುತ್ತಾರೆ? ಉಂಗುರದ ಕಾಗದದ ಮೇಲೆ ಬೆರಳಾಡಿಸಿದರೆ ಚಿನ್ನದ ಬಣ್ಣ ಉಬ್ಬಿ ಸಿಗಬೇಕೋ ಬೇಡವೋ? ಅಸಲಿ ಪೆಟ್ಟಿಗೆಯೊಂದು ಎದುರಿಗಿದ್ದರೆ ಹೋಲಿಸಿ ನೋಡಲು ಸುಲಭ. ಖಾಲಿಯದಾದರೂ ಸರಿ.

ಒಂದು ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಕಂಡವು. ಏನದು?

ನಿನ್ನ ಒಂದು ಹಳೆಯ ಫೋಟೊ, ಬೆಂಚಿನ ಮುಂದೆ ಎಲೆ ಹಿಡಿದು ಕೂತದ್ದು, ನನ್ನ ಹತ್ತಿರವೇ ಇದೆ. ಬಾರಿನಲ್ಲಿ ಎಲ್ಲರಿಗೂ ತೋರಿಸುತ್ತೇನೆ.

ನಿನ್ನ ಲಾಲೊ


ಹವಾನಾ
15 ಜೂನ್ 1997

ಲಾಲೊ,

ಮನೆಯಲ್ಲಿ ಕರೆಯುತ್ತಿದ್ದ ಆ ಹೆಸರಿನಲ್ಲಿ ಸಹಿ ಹಾಕುವುದನ್ನು ನೀನು ಬಿಟ್ಟು ಎಷ್ಟು ಕಾಲವಾಗಿತ್ತು.

ತೂತು ಹುಳುವಿನದು. ಅದರ ಮೊಟ್ಟೆ ಹೊಲದಿಂದಲೇ ಎಲೆಯ ಜೊತೆ ಬಂದಿರುತ್ತದೆ, ಕಣ್ಣಿಗೆ ಕಾಣದು. ಇಟ್ಟ ಜಾಗದಲ್ಲಿ ಸೆಕೆ ತಗುಲಿದರೆ ಒಡೆದು, ಒಳಗಿನಿಂದ ತಿನ್ನುತ್ತಾ ಹೊರಬರುತ್ತದೆ. ಸಿಗಾರ್ ಮುರಿದರೆ ಬಿಳಿ ಮರಿಗಳು ಮಿಜಿಗುಡುತ್ತವೆ, ನೋಡಿದವರು ವಾರವಿಡೀ ಅನ್ನ ತಿನ್ನಲಾರರು. ತೂತಾದದ್ದನ್ನು ಸುಟ್ಟುಹಾಕು. ಉಳಿದದ್ದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಮಂಜುಗಟ್ಟುವ ಪೆಟ್ಟಿಗೆಯಲ್ಲಿಡು. ಆಮೇಲೆ ಒಂದು ದಿನ ಫ್ರಿಜ್ಜಿನ ಕೆಳಗಡೆ, ಆಮೇಲೆ ಹೊರಗೆ. ಅವಸರ ಮಾಡಿದರೆ ಮೇಲಿನ ಎಲೆ ಬಿರಿಯುತ್ತದೆ. ಫ್ರಿಜ್ಜಿನ ಕೆಲಸ ಅಷ್ಟೇ. ಅಲ್ಲೇ ಬಿಟ್ಟರೆ ಅದು ಎಲೆಯ ತೇವವನ್ನೆಲ್ಲ ಹೀರಿ, ಬದಲಿಗೆ ಮೀನಿನ ನಾತ ತುಂಬುತ್ತದೆ.

ಇಡಲು ದೇವದಾರು ಮರದ ಪೆಟ್ಟಿಗೆ ಮಾಡಿಸು. ಮುಚ್ಚಳ ಉಸ್ಸೆಂದು ಕೂರಬೇಕು. ಒಳಗೊಂದು ಸ್ಪಂಜು. ಅದಕ್ಕೆ ಬ್ಯಾಟರಿಗೆ ಹಾಕುವ ಬಟ್ಟಿ ನೀರು ಮಾತ್ರ, ನಲ್ಲಿ ನೀರಾದರೆ ಬೂಷ್ಟು ಬರುತ್ತದೆ. ತೇವ ನೂರಕ್ಕೆ ಅರವತ್ತೈದರಿಂದ ಎಪ್ಪತ್ತರೊಳಗೆ ಇರಲಿ, ಶಾಖ ಹದಿನೆಂಟು ಡಿಗ್ರಿಯ ಆಸುಪಾಸು. ಬಿಳಿ ಬೂಷ್ಟು ಬಂದದ್ದನ್ನು "ಇದು ಹಳತಾದ ಮಾಲಿನ ಹೂ" ಎಂದು ನಂಬಿಸುವ ವ್ಯಾಪಾರಿಗಳಿದ್ದಾರೆ. ಗೋಡೆಯ ಮೇಲೆ ಬರುವುದೂ ಅದೇ ಹೂ, ಅದನ್ನೂ ಸೇದಲಿ. ಗಿರಾಕಿಗಳಿಗೆ ತೋರಿಸಲೆಂದು ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆಯಬೇಡ. ಹೊಸ ಪೆಟ್ಟಿಗೆ ಬಂದರೆ ಕೆಲವು ತಿಂಗಳು ಮಲಗಲು ಬಿಡು. ದೂರ ಬಂದ ಮನುಷ್ಯನಿಗೂ ಅಷ್ಟು ಬೇಕಾಗುತ್ತದೆ.

ನೀನು ಕೇಳಿದ ಉಳಿದೆಲ್ಲಕ್ಕೂ ಬೇರೆ ಹಾಳೆಯಲ್ಲಿ ಉತ್ತರ ಬರೆದಿದ್ದೇನೆ. ಜೊತೆಗೆ ಈ ತಿಂಗಳದ್ದೇ ಒಂದು ಖಾಲಿ ಪೆಟ್ಟಿಗೆ, ಆರು ಉಂಗುರ. ಹೊರಗೆ ಒಯ್ಯುವಂತಿಲ್ಲದ ವಸ್ತುಗಳಿವು. ಮಿಗ್ದಾಲಿಯಾ ಮೊದಲು ಒಪ್ಪಲಿಲ್ಲ. "ಲಾಲೊಗಾ? ನಾನೇ ಅನ್ನ ಹಾಕಿದ ಹುಡುಗ, ತಗೊ" ಎಂದು ಕೊನೆಗೆ ಏಪ್ರನ್ನಿನೊಳಗೆ ಇಟ್ಟು ತಂದುಕೊಟ್ಟಳು. ನೋಡಿದ ಮೇಲೆ ಸುಟ್ಟುಬಿಡು.

ಮಣಿಕಟ್ಟಿನ ದೆಸೆಯಿಂದ ನನ್ನನ್ನು ಮುಂಭಾಗಕ್ಕೆ ಹಾಕಿದ್ದಾರೆ. ಪ್ರವಾಸಿಗಳ ಎದುರು ಮೆಲ್ಲಗೆ ಸುತ್ತಿ ತೋರಿಸುವುದು. ಮಂಗನ ಕೆಲಸ. ಆದರೂ ನಿನಗೆ ಇಷ್ಟೆಲ್ಲ ಬರೆದು ಮುಗಿಸಿದ ಮೇಲೆ, ನನಗೆ ತಿಳಿದದ್ದು ಸ್ವಲ್ಪವಲ್ಲ ಎಂದು ಮೊದಲ ಸಲ ಅನಿಸಿತು.

ಮೈ ನೋಡಿಕೊ.

ನಿನ್ನ ಅಕ್ಕ,
ನೆರೈದಾ


ಹವಾನಾ
5 ಅಕ್ಟೋಬರ್ 1997

ಎಲಾದಿಯೊ,

ಜೂನ್ ಆದ ಮೇಲೆ ನಿನ್ನಿಂದ ಒಂದು ಅಕ್ಷರವಿಲ್ಲ. ಕೆಲಸದ ಗಡಿಬಿಡಿ ಎಂದುಕೊಂಡಿದ್ದೆ. ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿ ಉತ್ತರ ಕೊಡು.

ಸೆಪ್ಟೆಂಬರ್ ಹದಿನೇಳರಂದು ನಿಮ್ಮ ದ್ವೀಪದ ದಂಪತಿ ನಮ್ಮ ಕಾರ್ಖಾನೆ ನೋಡಲು ಬಂದರು. ಹೆಂಗಸಿನ ಹೆಸರು ಪಿನೊ, ಗಂಡ ಹಾಸಿಂತೊ. ಮದುವೆಯಾಗಿ ನಲವತ್ತು ವರ್ಷವಾಯಿತೆಂದು ಬಂದವರು. ಪಿನೊ ಸೀದಾ ನನ್ನ ಬೆಂಚಿಗೆ ಬಂದು "ಇವ್ರೇ ಕಣ್ರೀ, ನೋಡಿ" ಎಂದು ಗಂಡನನ್ನು ಕರೆದಳು. ಚೀಲದಿಂದ ಸಿಗಾರ್ ಪೆಟ್ಟಿಗೆ ತೆಗೆದು ಮುಚ್ಚಳ ಎತ್ತಿದಳು. ಒಳಗಡೆ ಒಂದು ಚೀಟಿ ಅಂಟಿಸಿತ್ತು. ಅದರಲ್ಲಿ ನನ್ನ ಆ ಹಳೆಯ ಫೋಟೊ. ಕೆಳಗೆ "ಹವಾನಾದ ಹಿರಿಯ ಕುಶಲಕರ್ಮಿ ನೆರೈದಾ ಕಿಂತಾನಾ ಕೈಯಾರೆ ಆರಿಸಿದ್ದು." ನಿನ್ನ ಹೋಟೆಲಿನಲ್ಲೇ ಕೊಂಡರಂತೆ. ಒಂದನ್ನೂ ಸೇದದೆ ಇಟ್ಟುಕೊಂಡು, ಮೊದಲನೆಯದನ್ನು ನನ್ನೆದುರೇ ಹಚ್ಚಬೇಕೆಂದು ಸಮುದ್ರ ದಾಟಿಸಿ ತಂದಿದ್ದರು.

 ನಾಚಿಕೆಯಿಲ್ಲದೆ ಹೇಳುತ್ತೇನೆ, ತಮ್ಮ ನನ್ನ ಹೆಸರನ್ನು ಇಷ್ಟು ದೂರ ಮೆರೆಸಿದನಲ್ಲ ಎಂದು ಕಣ್ಣಲ್ಲಿ ನೀರು ಬಂತು. ಸುತ್ತ ಇಪ್ಪತ್ತು ಜನ ಪ್ರವಾಸಿಗಳು. ಪೆಟ್ಟಿಗೆ ತಿರುಗಿಸಿ ನೋಡಿದೆ. ತಳದ ಅಕ್ಷರ ಸರಿ. ಹಸಿರು ಖಾತರಿ ಚೀಟಿ ಸರಿಯಾದ ಜಾಗದಲ್ಲಿ. ಬಣ್ಣ ಎಡದಿಂದ ಬಲಕ್ಕೆ ತಿಳಿಯಾಗುತ್ತಾ ಹೋಗಿದೆ. ಉಂಗುರಗಳು ಸೈನಿಕರ ಹಾಗೆ ನಿಂತಿವೆ. ಒಂದನ್ನೂ ಕೈಗೆತ್ತಿಕೊಂಡು ಒತ್ತಲಿಲ್ಲ, ತುದಿ ನೋಡಲಿಲ್ಲ, ಮೂಸಲಿಲ್ಲ. "ಅಸಲು" ಅಂದೆ. ಪೆಟ್ಟಿಗೆಯ ಮೇಲೆ ಸಹಿ ಹಾಕಿ ಎಂದರು, ಹಾಕಿದೆ.

ಹಾಸಿಂತೊ ಹಚ್ಚಿದ. ಮೂರನೇ ಸಲ ಎಳೆದಾಗ ಮುಖ ಬಿಳಿಚಿತು. ಕೆಮ್ಮಿದ, ಬಗ್ಗಿದ, ನನ್ನ ಬೆಂಚಿನ ಪಕ್ಕದಲ್ಲೇ ಕಕ್ಕಿದ. ಸುಟ್ಟ ಕೂದಲಿನ ವಾಸನೆ ಎದ್ದಿತ್ತು. ನಾನು ಸಿಗಾರನ್ನು ಕಿತ್ತುಕೊಂಡು ಎಲೆ ಕತ್ತರಿಸುವ ನನ್ನ ಕತ್ತಿಯಿಂದ ಉದ್ದಕ್ಕೆ ಸೀಳಿದೆ. ಹೊರಗಡೆ ಒಂದು ಸುತ್ತು ಒಳ್ಳೆಯ ಎಲೆ. ಒಳಗೆ ಬಾಳೆಲೆಯ ನಾರು, ಗುಡಿಸಿದ ಪುಡಿ, ಗೋಣಿದಾರ, ಉದ್ದನೆಯ ಕೂದಲೆಳೆಗಳು, ಜಿರಳೆಯ ರೆಕ್ಕೆ. ಎಲ್ಲರೂ ನೋಡುತ್ತಿದ್ದರು. ಪಿನೊ ಗಂಡನ ಬೆನ್ನು ಸವರುತ್ತಾ ನನ್ನ ಕಡೆ ತಿರುಗಿ, "ನೀವು ಅಸಲು ಅಂದ್ರಲ್ಲ" ಎಂದಳು. ಅಷ್ಟೇ ಅಂದದ್ದು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಪೆಟ್ಟಿಗೆಯ ತಳದಲ್ಲಿದ್ದದ್ದು ನಮ್ಮ ಕಾರ್ಖಾನೆಯ ಗುರುತು, ಜೂನ್ ತಿಂಗಳು. ಆಡಳಿತಾಧಿಕಾರಿ ಅರ್ಮೆಂತೆರೊಸ್ ಅದೇ ದಿನ ವಿಚಾರಣೆ ಶುರುಮಾಡಿದರು. ನಕಲು ಮಾಡಲು ಯಾರೋ ಒಳಗಿನಿಂದ ಪೆಟ್ಟಿಗೆ, ಉಂಗುರ ಕೊಟ್ಟಿದ್ದಾರೆ ಎಂಬುದು ಕುರುಡನಿಗೂ ಕಾಣುತ್ತಿತ್ತು. ಉಂಗುರದ ಕೋಣೆ ಮಿಗ್ದಾಲಿಯಾಳದು. ಪಿಂಚಣಿಗೆ ಎರಡು ವರ್ಷ ಇರುವಾಗ ಅವಳನ್ನು ಮನೆಗೆ ಕಳಿಸಿದ್ದಾರೆ. ನನ್ನ ಹೆಸರು ಅವಳ ಬಾಯಿಂದ ಬಂದಿಲ್ಲ. ನನ್ನ ಚಿತ್ರ ಕದ್ದು ಬಳಸಿದ್ದಾರೆ ಎಂದೇ ಎಲ್ಲರೂ ನಂಬಿದ್ದಾರೆ, ಪಾಪ ಎನ್ನುತ್ತಾರೆ. ನಾನು ಹದಿನೆಂಟು ದಿನದಿಂದ ಬಾಯಿಮುಚ್ಚಿಕೊಂಡು ಅವರ ಪಾಪವನ್ನು ನುಂಗುತ್ತಿದ್ದೇನೆ.

ನಿನಗೂ ಯಾರೋ ಮೋಸ ಮಾಡಿದ್ದಾರೆ ಎಂದು ಬರೆ. ನಾನು ಕಳಿಸಿದ ಪೆಟ್ಟಿಗೆ ನಿನ್ನ ಕೋಣೆಯಿಂದ ಕಳುವಾಯಿತು ಎಂದು ಬರೆ. ನಾನು ಆ ಪತ್ರ ಹಿಡಿದು ಅರ್ಮೆಂತೆರೊಸ್ ಹತ್ತಿರ ಹೋಗುತ್ತೇನೆ.

ನೆರೈದಾ


ಸಾಂತಾ ಕ್ರೂಸ್
9 ನವೆಂಬರ್ 1997

ಅಕ್ಕ,

ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ಮೊದಮೊದಲು ಅಸಲನ್ನೇ ತರಿಸಿದೆವು. ಸಾಕಾಗಲಿಲ್ಲ. ಬೇಸಿಗೆಯಲ್ಲಿ ಗಿರಾಕಿ ನುಗ್ಗಿದಾಗ ದೊನ್ ಅನ್ಸೆಲ್ಮೊ ನಿನ್ನ ಹಾಳೆಯನ್ನು ಮುಂದಿಟ್ಟು, ಎಲ್ಲ ಇಲ್ಲೇ ಬರೆದಿದೆಯಲ್ಲ, ಇದರಂತೆ ಮಾಡೋಣ ಎಂದ. ಹಿಂದೆ ನಾನು ಕೆಲಸ ಮಾಡಿದ ತೋಟದ ಗೋದಾಮಿನಲ್ಲಿ ನಾಲ್ಕು ಜನ ಕೂತು ಸುತ್ತುತ್ತಾರೆ. ಕೂದಲು ಹೇಗೆ ಬಂತೋ ನನಗೆ ಗೊತ್ತಿಲ್ಲ. ಅದಕ್ಕೆ ಕ್ಷಮೆ ಇರಲಿ. ಇನ್ನು ಮುಂದೆ ತಲೆಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿದ್ದೇನೆ.

ಯಾಕೆ ಅಷ್ಟೊಂದು ಮನಸ್ಸಿಗೆ ಹಚ್ಚಿಕೊಳ್ಳುತ್ತೀಯ? ಇವರು ಸೇದುವುದು ಉಂಗುರವನ್ನು, ಎಲೆಯನ್ನಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಜನ ಖುಷಿಯಾಗಿ ಹೋಗಿದ್ದಾರೆ. ನೀನು ಮೂವತ್ತೊಂದು ವರ್ಷ ಅಸಲು ಸುತ್ತಿದೆಯಲ್ಲ, ನಿನಗೆ ಸಿಕ್ಕಿದ್ದು ಮಣಿಕಟ್ಟಿನ ನೋವು.

ಕಳುವಾಯಿತೆಂದು ಬರೆದುಕೊಟ್ಟರೆ ಇಲ್ಲಿ ನನ್ನನ್ನು ಹಿಡಿಯುತ್ತಾರೆ, ಅದಾಗದು. ನೀನು ಹೀಗೆ ಮಾಡು. ತಮ್ಮನ ಸುದ್ದಿಯೇ ಗೊತ್ತಿಲ್ಲ, ಉಂಗುರಗಳನ್ನು ಮಿಗ್ದಾಲಿಯಾ ಯಾವನೋ ವಿದೇಶಿಗೆ ಮಾರಿಕೊಂಡಿರಬೇಕು ಎಂದುಬಿಡು. ಹೇಗೂ ಅವಳ ಕೆಲಸ ಹೋಗಿದೆ. ಹೋದದ್ದು ಇನ್ನೊಮ್ಮೆ ಹೋಗುವುದಿಲ್ಲ. ಆಮೇಲೆ ನಿನ್ನನ್ನು ಇಲ್ಲಿಗೇ ಕರೆಸಿಕೊಳ್ಳುತ್ತೇನೆ. ಕೋಣೆಯಲ್ಲಿ ಕೂತು ಗಿರಾಕಿಗಳ ಎದುರು ಸುತ್ತಿ ತೋರಿಸಿದರೆ ಸಾಕು.

ಈ ಪತ್ರ ಓದಿ ಸುಡು.

ನಿನ್ನ ಲಾಲೊ


ಹವಾನಾ
21 ಡಿಸೆಂಬರ್ 1997

ಎಲಾದಿಯೊ,

ಪತ್ರ ಸುಡಲಿಲ್ಲ. ಮೆಟ್ಟಿಲ ಮೇಲೆ ನಿಂತು ಓದಿದೆ. ತಲೆಗೆ ಬಟ್ಟೆ ಕಟ್ಟಿಸಿದ್ದೇನೆ ಎಂಬಲ್ಲಿಗೆ ಬಂದಾಗ ಅಲ್ಲೇ ಕೂತೆ. ಮಿಗ್ದಾಲಿಯಾಳ ಬಗ್ಗೆ ಬರೆದ ಸಾಲಿಗೆ ಬಂದಾಗ ಎದ್ದು ಹೋಗಿ ಕಕ್ಕಿಕೊಂಡೆ. ವಿಲ್ಫ್ರೆದೊನ ತೊಟ್ಟಿ ಕಂಡಾಗಲೂ ನನಗೆ ಇಷ್ಟು ಹೇಸಿಗೆಯಾಗಿರಲಿಲ್ಲ. ಅವನು ಹೊಟ್ಟೆಗಿಲ್ಲದೆ ಮಾಡುತ್ತಾನೆ, ಯಾವ ಅಕ್ಕನ ಫೋಟೊವನ್ನೂ ಮುಚ್ಚಳಕ್ಕೆ ಅಂಟಿಸುವುದಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಿನ್ನ ಪತ್ರಗಳನ್ನೆಲ್ಲ ತೆಗೆದುಕೊಂಡು ಅರ್ಮೆಂತೆರೊಸ್ ಕೋಣೆಗೆ ಹೋದೆ. ಅವರು ಓದಿ ಮುಗಿಸಿ, ಕನ್ನಡಕ ತೆಗೆದಿಟ್ಟು, "ಇದನ್ನ ನಾನು ಇಟ್ಕೊಂಡ್ರೆ ನಾಳೆಯಿಂದ ನೀವು ಇಲ್ಲಿಗೆ ಬರೋ ಹಾಗಿಲ್ಲ, ಗೊತ್ತಲ್ಲ?" ಅಂದರು. ಗೊತ್ತು ಎಂದೆ. "ಎರಡು ತಿಂಗಳು ಯಾಕೆ ಸುಮ್ನಿದ್ರಿ?" ಅಂದರು.  ಕತ್ತಿಯನ್ನು ಮೇಜಿನ ಮೇಲಿಟ್ಟು ಬಂದೆ.

ನನ್ನ ಕೈ ನಾರುತ್ತದೆ ಎಂದು ನೀನು ಅಳುತ್ತಿದ್ದಾಗ ಕೈಯನ್ನು ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದೆ. ಇಪ್ಪತ್ತು ಜನರ ಎದುರು ಮೂಸದೆ, ಮುಟ್ಟದೆ "ಅಸಲು" ಎಂದಾಗ ಉಬ್ಬಿದ್ದ ನನ್ನ ಎದೆಯನ್ನು ಎಲ್ಲಿ ಬಚ್ಚಿಡಲಿ? ನಿನ್ನನ್ನು ನೆನೆದರೆ ಅಸಹ್ಯವಾಗುತ್ತದೆ. ನನ್ನನ್ನು ನೆನೆದಾಗಲೂ ಆಗುತ್ತದೆ. ಎರಡನ್ನೂ ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದೇನೆ.

ವಿಚಾರಣೆಗೆಂದು ಪಿನೊ ಬರೆಸಿದ್ದ ವಿಳಾಸ ನನ್ನಲ್ಲಿತ್ತು. ಅರ್ಮೆಂತೆರೊಸ್‌ಗೆ ಕೊಡುವ ಮೊದಲೇ ಬರೆದಿಟ್ಟುಕೊಂಡಿದ್ದ ನಿನ್ನ ಕೊನೆಯ ಪತ್ರದ ನಕಲನ್ನು ಅವಳಿಗೆ ಕಳಿಸಿದ್ದೇನೆ. ತೋಟದ ಗೋದಾಮು, ನಾಲ್ಕು ಜನ, ನಿನ್ನ ಯಜಮಾನನ ಹೆಸರು, ಎಲ್ಲ ಅದರಲ್ಲೇ ಇದೆ. ಜೊತೆಗೆ ಹೊಸದಾಗಿ ಸಿಗಾರ್ ಕೊಳ್ಳುವವರು ಏನು ನೋಡಬೇಕೆಂದು ಒಂದು ಹಾಳೆ. ನಿನಗೆ ಬರೆದದ್ದಕ್ಕಿಂತ ಚಿಕ್ಕದು. ಪೆಟ್ಟಿಗೆ, ಚೀಟಿ, ಉಂಗುರ ಯಾವುದನ್ನೂ ನಂಬಬೇಡಿ. ಯಾರ ಫೋಟೊವನ್ನೂ ನಂಬಬೇಡಿ. ಒಂದನ್ನು ಕೊಂಡು, ಅಂಗಡಿಯವನ ಎದುರೇ ಸೀಳಿ ನೋಡಿ, ಆಮೇಲೆ ಇನ್ನೊಂದನ್ನು ಕೊಳ್ಳಿ. ತಪಾಸಣೆಯವರ ಬಳಿ ತಾನೇ ಹೋಗುತ್ತೇನೆಂದು ಪಿನೊ ತಂತಿ ಕಳಿಸಿದ್ದಾಳೆ. ನಿನ್ನನ್ನು ಎಚ್ಚರಿಸಲು ಇದನ್ನು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಈ ಕಾಗದ ನಿನ್ನ ಕೈಗೆ ಬರುವ ಹೊತ್ತಿಗೆ ಅವರು ಬಂದು ಹೋಗಿರುತ್ತಾರೆ. ಹಾಗಾಗಲೆಂದೇ ತಡೆದು ಬರೆದೆ.

ಪೆಟ್ಟಿಗೆ, ಉಂಗುರ ಕೇಳಿ ಪಡೆದು ಕಳಿಸಿದವಳು ನಾನೇ ಎಂದು ತಿಳಿದ ಮೇಲೆ ಮಿಗ್ದಾಲಿಯಾಳನ್ನು ಮತ್ತೆ ಕೆಲಸಕ್ಕೆ ಕರೆದಿದ್ದಾರೆ. ಉಂಗುರದ ಕೋಣೆಗಲ್ಲ, ಎಲೆಯ ನಡುನಾರು ತೆಗೆಯುವ ಕಡೆಗೆ, ಹೊಸಬರ ಸಾಲಿನಲ್ಲಿ. ಪಿಂಚಣಿ ಉಳಿಯಿತು.

ನಿನ್ನೆ ಅವಳು ನಮ್ಮ ಬಾಗಿಲಿಗೆ ಬಂದಳು. ಒಳಗೆ ಬಾ ಎಂದೆ. "ಬರಲ್ಲ," ಅಂದಳು. ಹೊಸ್ತಿಲಾಚೆಯೇ ನಿಂತು, "ಕಾಫಿ ಇದ್ರೆ ಇಲ್ಲೇ ಕುಡೀತೀನಿ" ಅಂದಳು. ಬಟಾಣಿ ಹುರಿದು ಬೆರೆಸಿದ ಪಡಿತರದ ಕಾಫಿ, ಅದನ್ನೇ ಬಿಸಿಮಾಡಿ ಕೊಟ್ಟೆ. ಗೋಡೆಗೆ ಒರಗಿ ನಿಂತು ಕುಡಿದಳು. ನಾನು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಅವಳು ಬೀದಿಯ ಕಡೆ ನೋಡಿದಳು. ಕುಡಿದಾದ ಮೇಲೆ ಲೋಟವನ್ನು ನನ್ನ ಕೈಗೆ ಕೊಡಲಿಲ್ಲ. ಹೊಸ್ತಿಲ ಮೇಲಿಟ್ಟು ಮೆಟ್ಟಿಲಿಳಿದು ಹೋದಳು.

ಇನ್ನು ಬರೆಯಬೇಡ.

ನೆರೈದಾ ಕಿಂತಾನಾ